ನಾನೂರ ಹನ್ನೊಂದರಲ್ಲಿ ಹಾಡಿದ ತಂತಿ

“ಎಳೀಬೇಡಿ ಸಾರ್!”

ಯಾಕಮ್ಮನ ಮೈದುನ ಕೂಗಿದ ರಭಸಕ್ಕೆ ಇಂಜಿನಿಯರ್ ಸಾಹೇಬರ ಕೈ ಅರ್ಧಕ್ಕೇ ನಿಂತಿತು. ಇನ್ನೊಂದು ಗೇಣು ಮುಂದೆ ಹೋಗಿದ್ದರೆ ಪ್ಯಾನೆಲ್ ಬೀರುವಿನೊಳಗಿನ ಬೂದು ತಂತಿಯೊಂದನ್ನು ಹಿಡಿದು ಜಗ್ಗಿಯೇ ಬಿಡುತ್ತಿದ್ದರು.

“ಏನ್ರೀ ಇದು, ಗಂಟಲು ಹರಿಯೋ ಹಾಗೆ ಕೂಗ್ತೀರಿ? ಒಂದು ಸಲ ಜಗ್ಗಿ ನೋಡಿದ್ರೆ ಯಾವುದು ಯಾವುದಕ್ಕೆ ಹೋಗಿದೆ ಅಂತ ತಿಳಿಯುತ್ತೆ. ಇಪ್ಪತ್ತು ವರ್ಷದಿಂದ ಹಾಗೇ ನೋಡ್ಕೊಂಡು ಬಂದಿದ್ದೀವಿ.”

“ಅದಕ್ಕೇ ಇಪ್ಪತ್ತು ವರ್ಷದಿಂದ ನಿಮ್ಮ ಮಿಷಿನ್ನುಗಳು ಕಾರಣ ಇಲ್ದೆ ನಿಲ್ತಾ ಇರೋದು. ಇದೇನು ದನ ಕಟ್ಟಿದ ಹಗ್ಗವಾ ಸಾರ್, ಜಗ್ಗಿ ನೋಡೋಕೆ? ಜೀವಂತ ತಂತಿ.”

ಇವರಿಬ್ಬರ ಹಿಂದೆ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಯಾಕಮ್ಮ ನಿಂತಿದ್ದಳು. ಹೆತ್ತವರಿಟ್ಟ ಹೆಸರು ಬೇರೆ. ಆದರೆ ಕಾರ್ಖಾನೆಗಳ ಅಪಘಾತ ವಿಚಾರಿಸುವ ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಆಕೆ ‘ಯಾಕೆ?’ ಅಂತ ಕೇಳದ ದಿನವೇ ಇಲ್ಲ. ಉತ್ತರ ಕೊಟ್ಟು ಕೊಟ್ಟು ಸುಸ್ತಾದ ಯಾರೋ ಪುಣ್ಯಾತ್ಮರು ಆ ಹೆಸರಿಟ್ಟರು. ಅವರ ಬಾಯಿಗೆ ಸಕ್ಕರೆ ಹಾಕಬೇಕು, ಅಷ್ಟು ಸರಿಯಾಗಿ ಹೊಂದಿಕೊಂಡಿದೆ.

“ಯಾಕೆ ಎಳೀಬಾರ್ದು?” ಅಂದಳು ಈಗಲೂ.

“ನೋಡಿ ಅತ್ತಿಗೆ, ಈ ಬೀರುವಿನಲ್ಲಿ ಇನ್ನೂರ ನಲವತ್ತು ತಂತಿ ಇದೆ. ಎಲ್ಲಾ ಒಂದೇ ಬಣ್ಣ, ಒಂದೇ ದಪ್ಪ. ಒಂದನ್ನ ಜಗ್ಗಿದ್ರೆ ಪಕ್ಕದ ನಾಲ್ಕು ಅಲುಗುತ್ತೆ. ಅದರಲ್ಲಿ ಒಂದು ಸಡಿಲ ಆಯ್ತು ಅನ್ನಿ, ಎಲ್ಲೋ ಒಂದು ಮಿಷಿನ್ ನಿಲ್ಲುತ್ತೆ. ಕುಲುಮೆಯಿಂದ ಕರಗಿದ ಗಾಜು ಬರ್ತಾನೇ ಇರುತ್ತಲ್ಲ, ಅದು ಎಲ್ಲಿಗೆ ಹೋಗ್ಬೇಕು?”

“ಕರೆಂಟ್ ತೆಗೆದು ನೋಡಿದ್ರೆ?”

ಸಾಹೇಬರು ಎದೆ ಮುಟ್ಟಿಕೊಂಡರು. “ಮೇಡಂ, ಆ ಮಾತು ಜೋರಾಗಿ ಆಡ್ಬೇಡಿ. ಕುಲುಮೆ ಹೊತ್ತಿಸಿ ಎಂಟು ವರ್ಷ ಆಯ್ತು, ಒಂದು ದಿನ ಆರಿಲ್ಲ. ಆರಿದ್ರೆ ಒಳಗಿನ ಗಾಜು ಬಂಡೆ ಆಗುತ್ತೆ. ಆಮೇಲೆ ಕುಲುಮೆ ಒಡೆದು ಹೊಸದು ಕಟ್ಟಬೇಕು.”

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಂಥ ಕೆಲಸಕ್ಕೇ ಅಂತ ಯಾಕಮ್ಮ ಮೈದುನನನ್ನು ಮನೆಯಿಂದ ಎಬ್ಬಿಸಿಕೊಂಡು ಬಂದಿದ್ದಳು. ಗಂಡನ ತಮ್ಮನಾದರೂ ಅವಳಿಗಿಂತ ಹೆಚ್ಚು ತಲೆ ನರೆತವನು. ನರೆತದ್ದೆಲ್ಲ ಪ್ಯಾನೆಲ್ಲುಗಳೊಳಗೆ ತಲೆ ತೂರಿಸಿಯೇ ಅಂತ ಅವನ ಹೆಂಡತಿಯ ದೂರು.

ನಾಲ್ಕು ದಿನದ ಹಿಂದೆ ಈ ಬಾಟಲಿ ಕಾರ್ಖಾನೆಯ ಮೂರನೇ ಯಂತ್ರದೊಳಗೆ ಆಪರೇಟರನ ಬಲಗೈ ಸಿಕ್ಕಿಕೊಂಡಿತ್ತು. ಅವನು ಎಡಗೈಯಲ್ಲಿ ಕೆಂಪು ಗುಂಡಿ ಒತ್ತಿದ್ದ. ನಿಂತದ್ದು ಮಾತ್ರ ಮೂರನೆಯದಲ್ಲ, ಪಕ್ಕದ ನಾಲ್ಕನೆಯದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಹಾಗೆ. ಆವತ್ತಿನಿಂದ ಆಪರೇಟರ್ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿಲ್ಲ.

ಆ ದಿನ ಬೆಳಿಗ್ಗೆ ಎರಡೂ ಯಂತ್ರಗಳ ಗುಂಡಿಪೆಟ್ಟಿಗೆ ಬದಲಾಯಿಸಿದವನು ಕಾರ್ಖಾನೆಯ ವೈರ್‌ಮನ್. ತಂತಿ ಅದಲುಬದಲು ಮಾಡಿದ್ದು ಅವನೇ ಅಂತ ವರದಿ ಬರೆದಾಗಿದೆ. ಇವತ್ತು ಸಂಜೆ ನಾಲ್ಕಕ್ಕೆ ವರದಿ ಪೊಲೀಸರ ಕೈಗೆ, ವರದಿಯ ಜೊತೆ ವೈರ್‌ಮನ್ನೂ. ಈಗ ಗಂಟೆ ಎರಡೂಮುಕ್ಕಾಲು.

ಮೈದುನ ಚೀಲದಿಂದ ತನ್ನ ಸರಂಜಾಮು ತೆಗೆದ. ಒಂದು, ಬಟ್ಟೆ ಒಣಗಿಸುವ ಕ್ಲಿಪ್ಪಿನಂಥ ಬಾಯಿರುವ ಸಣ್ಣ ಡಬ್ಬಿ. ಅದರ ಜೋಡಿ ಆಗಲೇ ಮೂರನೇ ಯಂತ್ರದ ಗುಂಡಿಯ ತಂತಿಗೆ ಸಿಕ್ಕಿಸಿ, ವೈರ್‌ಮನ್ನನ ಕಾವಲಲ್ಲಿತ್ತು. ಎರಡು, ಪೆನ್ನಿನಷ್ಟು ಉದ್ದದ ಒಂದು ಕಡ್ಡಿ, ಅದಕ್ಕೆ ಕಿವಿಗೆ ಸಿಕ್ಕಿಸಿಕೊಳ್ಳುವ ಎರಡು ಬಿರಡೆ.

“ಅಲ್ಲಿರೋ ಡಬ್ಬಿ ತಂತಿಯನ್ನ ಸುಮ್ನೆ ತಬ್ಬಿಕೊಳ್ಳುತ್ತೆ ಅತ್ತಿಗೆ, ಸುಲಿಯೋದಿಲ್ಲ, ಕತ್ತರಿಸೋದಿಲ್ಲ. ತಬ್ಬಿಕೊಂಡು ಅದರೊಳಗೆ ಸಣ್ಣಗೆ ಒಂದು ರಾಗ ಹಾಡುತ್ತೆ. ತಂತಿ ತನ್ನ ಕೆಲಸ ಮಾಡ್ತಾನೇ ಇರುತ್ತೆ, ಅದಕ್ಕೆ ಗೊತ್ತೂ ಆಗಲ್ಲ. ಇಲ್ಲಿ ಈ ಕಡ್ಡಿ ಹಿಡಿದು ಯಾವ ತಂತಿ ಹಾಡ್ತಿದೆ ಅಂತ ಕೇಳೋದು, ಅಷ್ಟೇ.”

“ಯಾಕಪ್ಪಾ ಅಷ್ಟು ಕಷ್ಟ? ಪ್ರತಿ ತಂತಿಗೂ ನಂಬರ್ ಹಾಕಿದ್ದಾರಲ್ಲ?”

ನಿಜ, ಪ್ರತಿ ತಂತಿಯ ಕುತ್ತಿಗೆಗೂ ನಂಬರ್ ಬರೆದ ಪುಟ್ಟ ಬಿಳಿ ಕೊಳವೆ ಇತ್ತು. ಮೂರನೇ ಯಂತ್ರದ ಗುಂಡಿಯಿಂದ ಬರುವುದು ಮುನ್ನೂರ ಹನ್ನೊಂದು, ನಾಲ್ಕನೆಯದರದು ನಾನೂರ ಹನ್ನೊಂದು.

“ನಂಬರ್ ಅನ್ನೋದು ತಂತಿ ಹಾಕ್ಕೊಂಡಿರೋ ಅಂಗಿ ಅತ್ತಿಗೆ. ಅಂಗಿ ನೋಡಿ ಆಸಾಮಿ ಇಂಥವನೇ ಅನ್ನೋಕಾಗುತ್ತಾ?”

ಮೈದುನ ಒಂದು ಬಿರಡೆಯನ್ನು ತನ್ನ ಕಿವಿಗೂ ಇನ್ನೊಂದನ್ನು ಯಾಕಮ್ಮನ ಕಿವಿಗೂ ಕೊಟ್ಟ. ಆಮೇಲೆ ಮೇಲುಜೇಬಿನಿಂದ ಒಂದು ಹೆಣಿಗೆ ಕಡ್ಡಿ ಎಳೆದ. ಯಾಕಮ್ಮ ಅದರ ಗುರುತು ಹಿಡಿದುಬಿಟ್ಟಳು.

“ಲೋ, ಇದು ನಿನ್ನ ಹೆಂಡ್ತಿದಲ್ವೇನೋ? ಮೂರು ದಿನದಿಂದ ಮನೆಯೆಲ್ಲ ತಲೆಕೆಳಗು ಮಾಡಿ ಹುಡುಕ್ತಿದ್ದಾಳೆ!”

“ಮೆಲ್ಲಗೆ ಅತ್ತಿಗೆ. ಪ್ಲಾಸ್ಟಿಕ್ಕು, ತುದಿ ಬಾಗಿದೆ, ಶಾಕ್ ಹೊಡಿಯಲ್ಲ. ತಂತಿ ಬಿಡಿಸೋಕೆ ಇಷ್ಟು ಒಳ್ಳೆ ಹತಾರ ಅಂಗಡೀಲಿ ಸಿಗಲ್ಲ. ನೀವು ಹೇಳ್ಬೇಡಿ ಅಷ್ಟೇ.”

ಕೇಳುವ ಕಡ್ಡಿಯನ್ನು ತಂತಿಗಳ ಕಟ್ಟಿನ ಹತ್ತಿರ ತಂದದ್ದೇ ತಡ, ಯಾಕಮ್ಮನ ಕಿವಿಯಲ್ಲಿ ಗುಂಯ್ ಅಂತ ಶುರುವಾಯಿತು. ಮೇಲೆ ಹೋದರೂ ಗುಂಯ್, ಕೆಳಗೆ ಬಂದರೂ ಗುಂಯ್. ಅವಳಿಗೆ ನಗು ಬಂತು.

“ಎಲ್ಲಾನೂ ಹಾಡ್ತಿವೆಯಲ್ಲೋ!”

“ಪಕ್ಕದವನು ಹಾಡಿದ್ರೆ ಇವೂ ಗುನುಗ್ತವೆ. ಇಲ್ಲೇ ಎಲ್ಲರೂ ಮೋಸ ಹೋಗೋದು. ಕಟ್ಟಿನೊಳಗೆ ಕೇಳಿ ತೀರ್ಮಾನ ಮಾಡ್ಬಾರ್ದು. ಒಂದೊಂದನ್ನೇ ಗುಂಪಿನಿಂದ ಆಚೆ ಕರೆದು, ಒಂಟಿಯಾಗಿ ನಿಲ್ಲಿಸಿ ಕೇಳ್ಬೇಕು.”

ಹೆಣಿಗೆ ಕಡ್ಡಿಯ ಬಾಗಿದ ತುದಿಯಿಂದ ಅವನು ಒಂದೊಂದೇ ತಂತಿಯನ್ನು ಎರಡು ಬೆರಳಿನಷ್ಟು ಈಚೆಗೆ ಸರಿಸಿದ, ಕಿವಿಗೊಟ್ಟ, ಮತ್ತೆ ಒಳಗೆ ಬಿಟ್ಟ. ಮುನ್ನೂರ ಒಂಬತ್ತು ಗುನುಗಿತು. ಮುನ್ನೂರ ಹತ್ತು ಗುನುಗಿತು. ಮುನ್ನೂರ ಹನ್ನೊಂದರ ಸರದಿ ಬಂದಾಗ ಯಾಕಮ್ಮ ಉಸಿರು ಬಿಗಿಹಿಡಿದಳು. ಅದೂ ಬರೀ ಗುನುಗಿತು.

ಕೆಳಗಿನ ಸಾಲಿಗೆ ಇಳಿದು ನಾನೂರ ಹನ್ನೊಂದನ್ನು ಈಚೆಗೆ ಸರಿಸಿದ ಕೂಡಲೇ ರಾಗ ಕಿವಿ ತುಂಬ ಹಾಡಿತು. ಯಾಕಮ್ಮ ಬೆಚ್ಚಿ ಬಿರಡೆ ತೆಗೆದಳು, ತಕ್ಷಣ ಮತ್ತೆ ಹಾಕಿಕೊಂಡಳು. ಮೂರನೇ ಯಂತ್ರದ ಗುಂಡಿಗೆ ಕಟ್ಟಿದ ತಂತಿ ಇಲ್ಲಿ ನಾಲ್ಕನೆಯದರ ಜಾಗದಲ್ಲಿ ಕೂತಿತ್ತು. ಎಂಥ ಸೋಜಿಗ ಅನ್ನಿಸಿತು ಅವಳಿಗೆ.

ಸಾಹೇಬರು ಮುಖ ಅರಳಿಸಿದರು. “ಮತ್ತೆ ನಾನು ಹೇಳಿದ್ದೇನು? ಅಂಗಿ ಬದಲಾಗಿದೆ! ಎರಡೂ ಮಿಷಿನ್ನಿಗೆ ಒಂದೇ ದಪ್ಪ ಕೇಬಲ್ ಇಳಿದು ಎರಡು ಕಡೆ ಹರಡುತ್ತೆ. ಇವನು ಹೊಸ ಪೆಟ್ಟಿಗೆ ಹಾಕುವಾಗ ಹಳೇ ತುದಿ ಕತ್ತರಿಸಿ, ಮೂರರ ತಂತಿಗೆ ನಾಲ್ಕರ ನಂಬರ್ ಹಾಕಿದ್ದಾನೆ. ಇಷ್ಟು ತಿಳಿಯೋಕೆ ಇಷ್ಟೆಲ್ಲ ಸಂಗೀತ ಕಚೇರಿ ಬೇಕಿತ್ತಾ?”

ಸಾಹೇಬರ ಮಾತಿನಲ್ಲಿ ತಪ್ಪಿರಲಿಲ್ಲ. ಅದಲುಬದಲಾಗಿದೆ ಅಂತ ತಂತಿ ಹೇಳಿತ್ತು, ಎಲ್ಲಿ ಆಗಿದೆ ಅಂತ ಹೇಳಿರಲಿಲ್ಲ.

ಯಾಕಮ್ಮನಿಗೆ ವೈರ್‌ಮನ್ನನ ಮುಖ ಕಣ್ಣ ಮುಂದೆ ಬಂತು. ಮಧ್ಯಾಹ್ನ ಡಬ್ಬಿ ಕೊಟ್ಟು ಅವನನ್ನು ಮೂರನೇ ಯಂತ್ರದ ಹತ್ತಿರ ನಿಲ್ಲಿಸುವಾಗ ಅವನು ಹೇಳಿದ್ದ: “ನಾನು ಜೈಲಿಗೆ ಹೆದರಲ್ಲ ಮೇಡಂ. ಕೈ ಹೋಗಿದ್ದು ಹೊರಗಿನವನದಲ್ಲ, ನನ್ನ ಹೆಂಡ್ತಿ ತಮ್ಮಂದು. ಅವಳು ಆಸ್ಪತ್ರೇಲಿ ಅವನ ಪಕ್ಕ ಕೂತಿದ್ದಾಳೆ, ನಾಲ್ಕು ದಿನದಿಂದ ನನ್ನ ಜೊತೆ ಒಂದು ಮಾತಿಲ್ಲ. ಬಾಗಿಲಿಗೆ ಹೋದ್ರೆ ಮುಖ ತಿರುಗಿಸ್ತಾಳೆ. ಅವಳ ಮುಂದೆ ನಾನು ತಪ್ಪು ಮಾಡಿಲ್ಲ ಅಂತ ಒಂದು ಸಲ ಹೇಳೋ ಹಾಗೆ ಮಾಡಿ, ಸಾಕು.”

ಯಂತ್ರದ ಗಾಳಿ ಕವಾಟಕ್ಕೆ ಬೀಗ ಹಾಕಿತ್ತು, ಅಲ್ಲಿ ಅಪಾಯವಿರಲಿಲ್ಲ. ಆದರೂ ಅವನು ಆ ಯಂತ್ರವನ್ನು ಮುಟ್ಟದೆ ಪಕ್ಕಕ್ಕೆ ಸರಿದು ನಿಂತಿದ್ದ.

ಅವಳು ಕನ್ನಡಕ ಮೇಲೇರಿಸಿ ಸಾಹೇಬರತ್ತ ತಿರುಗಿದಳು.

“ಸರಿ ಸಾರ್, ನಿಮ್ಮ ಮಾತು ಒಪ್ಪಿದೆ. ಹೊಸ ಪೆಟ್ಟಿಗೆ ಹಾಕಿದ ಮೇಲೆ ಗುಂಡಿ ಒತ್ತಿ ಪರೀಕ್ಷೆ ಮಾಡ್ತಾರಲ್ವಾ?”

“ಮಾಡ್ಬೇಕು.”

“ಆವತ್ತು ಮಾಡಿದ್ರಾ?”

“ಮಾಡಿದೆ ಅಂತ ಅವನು ಹೇಳ್ತಾನೆ. ಪರೀಕ್ಷೆ ಚೀಟಿ ಎಲ್ಲಿ? ಇಲ್ಲ. ಚೀಟಿ ಇಲ್ಲ ಅಂದ್ರೆ ಪರೀಕ್ಷೆ ಇಲ್ಲ.”

“ಚೀಟಿ ಎಷ್ಟು ಪ್ರತಿ ಬರೀತಾರೆ?”

“ಒಂದೇ. ಪ್ಯಾನೆಲ್ ಬಾಗಿಲಿನ ಒಳಗೆ ಸಿಕ್ಕಿಸ್ತಾರೆ.”

“ಪ್ಯಾನೆಲ್ ಬೀಗದ ಕೈ ಯಾರ ಹತ್ರ ಇರುತ್ತೆ?”

ಸಾಹೇಬರ ಬಲಗೈ ತಾನಾಗಿಯೇ ಪ್ಯಾಂಟಿನ ಜೇಬಿನತ್ತ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

“ನನ್ನ ಹತ್ರ,” ಅಂದರು.

“ಬೇರೆ ಯಾರ ಹತ್ರಾನೂ ಇಲ್ವಾ?”

“ಇಲ್ಲ ಮೇಡಂ. ಹಾಗಂತ ನಾನು...”

“ನೀವು ಏನೋ ಮಾಡಿದ್ರಿ ಅಂತ ನಾನು ಹೇಳ್ಲಿಲ್ಲ. ಬಾಗಿಲ ಒಳಗೆ ಸಿಕ್ಕಿಸಿದ ಚೀಟಿ, ಬೀಗ ಹಾಕಿದ ಬಾಗಿಲು, ಕೀಲಿ ನಿಮ್ಮ ಜೇಬಲ್ಲಿ. ಚೀಟಿ ಯಾಕೆ ಕಾಣ್ತಿಲ್ಲ?”

ಗಾಜಿನ ಕಿಟಕಿಯಾಚೆ ಒಂದು, ಎರಡು, ನಾಲ್ಕನೇ ಯಂತ್ರಗಳು ಬಾಟಲಿ ಉಗುಳುತ್ತಿದ್ದವು. ಮೈದುನ ನಾನೂರ ಹನ್ನೊಂದರ ಮೇಲೆ ಕಡ್ಡಿ ಇಟ್ಟುಕೊಂಡೇ ಬೇಕೆಂದು ಗೋಡೆ ನೋಡುತ್ತಿದ್ದ.

ಸಾಹೇಬರು ಹಣೆ ಒರೆಸಿಕೊಂಡರು. ದೊಡ್ಡ ಮೈಯ ಮನುಷ್ಯ ಒಮ್ಮೆಲೇ ಸಣ್ಣವರಾದರು.

“ನನ್ನ ಮೇಜಿನ ಖಾನೆಯಲ್ಲಿದೆ,” ಅಂದರು.

“ಏನಂತ ಬರೆದಿದೆ ಅದರಲ್ಲಿ?”

“ಹನ್ನೊಂದು ಇಪ್ಪತ್ತಕ್ಕೆ ಪರೀಕ್ಷೆ. ಮೂರರ ಗುಂಡಿಗೆ ಮೂರು ನಿಂತಿತು, ನಾಲ್ಕರದಕ್ಕೆ ನಾಲ್ಕು. ಕೆಳಗೆ ನನ್ನ ಸಹಿ. ನಾನೇ ನಿಂತು ನೋಡಿದ್ದೆ ಮೇಡಂ.”

“ಅಯ್ಯೋ ನಿಮ್ಮ!” ಯಾಕಮ್ಮನಿಗೆ ಸಿಟ್ಟು ನೆತ್ತಿಗೇರಿತು. “ಒಂದು ಸಂಸಾರ ಒಡೆದು ಎರಡು ಹೋಳಾಗಿದೆ. ಇಷ್ಟು ದೊಡ್ಡ ಸತ್ಯ ಖಾನೆಯಲ್ಲಿ ಇಟ್ಕೊಂಡು ಹೇಗ್ರೀ ಊಟ ಮಾಡಿದ್ರಿ?”

“ಸರಿಯಾಗಿತ್ತು ಅಂತ ಚೀಟಿ ಕೊಟ್ರೆ ಮುಂದಿನ ಪ್ರಶ್ನೆ ಏನು ಮೇಡಂ? ಆಮೇಲೆ ಯಾರು ಬದಲಾಯಿಸಿದ್ರು, ಕೀಲಿ ಯಾರ ಹತ್ರ ಇತ್ತು! ನೀವೇ ಈಗ ಕೇಳಿದ್ರಲ್ಲ. ನಾನು ಮುಟ್ಟಿಲ್ಲ. ನನ್ನ ಮಕ್ಕಳಾಣೆಗೂ ಮುಟ್ಟಿಲ್ಲ. ಆದ್ರೆ ಹೆದರಿದೆ.”

ಅದು ನಾಟಕವಲ್ಲ ಅಂತ ಯಾಕಮ್ಮನಿಗೆ ಅನ್ನಿಸಿತು. ಸಿಟ್ಟು ಇಳಿಯಲಿಲ್ಲ, ಆದರೆ ಅದರ ಕೆಳಗಿನಿಂದ ಕುತೂಹಲ ತಲೆ ಎತ್ತಿತು. ಅವಳು ಕಂಕುಳಲ್ಲಿದ್ದ ಯಂತ್ರಗಳ ದಾಖಲೆ ಪುಸ್ತಕ ಬಿಚ್ಚಿದಳು.

“ಹಾಗಾದ್ರೆ ಇದನ್ನ ಕೇಳಿ. ಆ ದಿನ ಮಧ್ಯಾಹ್ನ ನಾಲ್ಕನೇ ಮಿಷಿನ್ ಎರಡು ಸಲ ನಿಂತಿದೆ. ಒಂದು, ಮೂರು ಗಂಟೆ ಐದು ನಿಮಿಷಕ್ಕೆ, ಅಪಘಾತದ ಹೊತ್ತಿಗೆ. ಇನ್ನೊಂದು ಅದಕ್ಕೂ ಮೊದಲು, ಎರಡು ಹತ್ತಕ್ಕೆ. ಎರಡೇ ನಿಮಿಷ ನಿಂತು ಮತ್ತೆ ಓಡಿದೆ. ಕಾರಣ ತಿಳಿಯದು ಅಂತ ಬರೆದಿದ್ದಾರೆ.”

“ಅದು ದಿನಕ್ಕೆ ನಾಲ್ಕು ಸಲ ನಿಲ್ಲುತ್ತೆ, ಯಾರು ಲೆಕ್ಕ ಇಡ್ತಾರೆ?”

“ಇರು ಅತ್ತಿಗೆ,” ಮೈದುನ ಗೋಡೆಯಿಂದ ಕಣ್ಣು ಕಿತ್ತ. ಉತ್ಸಾಹದಲ್ಲಿ ಬಹುವಚನ ಮರೆತೇಹೋಗಿತ್ತು. “ಈ ತಂತಿಯಲ್ಲಿ ಯಾವಾಗ್ಲೂ ಕರೆಂಟ್ ಓಡ್ತಿರುತ್ತೆ. ಗುಂಡಿ ಒತ್ತಿದ್ರೆ ಅದು ಕಡಿಯುತ್ತೆ, ಮಿಷಿನ್ ನಿಲ್ಲುತ್ತೆ. ಗುಂಡಿಯನ್ನೇ ಒತ್ತಬೇಕು ಅಂತಿಲ್ಲ. ಯಾರಾದ್ರೂ ದಾರಿಯಲ್ಲಿ ತಂತಿ ಕಳಚಿದ್ರೂ ನಿಲ್ಲುತ್ತೆ!”

“ಅಂದ್ರೆ ಎರಡು ಹತ್ತಕ್ಕೆ ಯಾರೋ ತಂತಿ ಕಳಚಿ ಬೇರೆ ಕಡೆ ಸಿಕ್ಕಿಸಿದ್ದಾರೆ,” ಅಂದಳು ಯಾಕಮ್ಮ. “ವೈರ್‌ಮನ್ ಬೆಳಗಿನ ಪಾಳಿ. ಎರಡು ಗಂಟೆ ಎರಡು ನಿಮಿಷಕ್ಕೆ ಗೇಟಿನಲ್ಲಿ ಕಾರ್ಡ್ ಒತ್ತಿ ಮನೆಗೆ ಹೋಗಿದ್ದಾನೆ. ಸಾರ್, ನಿಮ್ಮ ಖಾನೆಯ ಚೀಟಿ, ಈ ಪುಸ್ತಕ, ಆ ಕಾರ್ಡು, ಮೂರನ್ನೂ ಒಟ್ಟಿಗೆ ಇಟ್ರೆ ಅವನ ಮೇಲಿನ ಆರೋಪ ನಿಲ್ಲಲ್ಲ.”

ಇಷ್ಟು ಹೇಳುವಾಗ ಅವಳ ಎದೆ ಹಗುರಾಯಿತು. ನಾಲ್ಕು ಗಂಟೆಗೆ ಇನ್ನೂ ಹೊತ್ತಿದೆ. ಆ ಮನುಷ್ಯ ಇವತ್ತು ಆಸ್ಪತ್ರೆಯ ಬಾಗಿಲಲ್ಲಿ ತಲೆ ಎತ್ತಿ ನಿಲ್ಲಬಹುದು.

“ಆಗ್ಲಿ, ಚೀಟಿ ತರ್ತೀನಿ,” ಅಂತ ಸಾಹೇಬರು ಬಾಗಿಲಿನತ್ತ ಎರಡು ಹೆಜ್ಜೆ ಇಟ್ಟರು.

ಆಗ ಕಿಟಕಿಯಾಚೆಯ ಗದ್ದಲದಲ್ಲಿ ಒಂದು ಪಾಲು ಸಟ್ಟನೆ ಕಡಿಮೆಯಾಯಿತು. ನಾಲ್ಕನೇ ಯಂತ್ರ ನಿಂತುಬಿಟ್ಟಿತ್ತು.

“ನೋಡಿದ್ರಾ! ಮುಟ್ಟಬೇಡ ಅಂತ ನನಗೆ ಹೇಳಿ ನೀವೇ ಮುಟ್ಟಿದ್ರಿ!” ಸಾಹೇಬರು ಮೈದುನನ ಮೇಲೆ ಹಾರಿದರು.

“ನಾನು ಮುಟ್ಟಿಲ್ಲ ಸಾರ್! ಕಡ್ಡಿ ಸೋಕಿಸಿಕೊಂಡು ನಿಂತಿದ್ದೀನಿ ಅಷ್ಟೇ. ಅತ್ತಿಗೆ... ಹಾಡು ಹೋಯ್ತು.”

ಯಾಕಮ್ಮ ಬಿರಡೆಯನ್ನು ಕಿವಿಗೆ ಒತ್ತಿದಳು. ನಾನೂರ ಹನ್ನೊಂದು ಮೌನವಾಗಿತ್ತು. ಅಷ್ಟು ಹೊತ್ತು ಕಿವಿ ತುಂಬ ಹಾಡಿದ ತಂತಿ ಈಗ ಗುನುಗುತ್ತಲೂ ಇರಲಿಲ್ಲ.

“ಡಬ್ಬಿ ಬಿದ್ದುಹೋಯ್ತೇನೋ,” ಅಂದಳು.

“ಇರಬಹುದು,” ಅಂದ ಮೈದುನ. ಆದರೆ ಅವನ ಕೈ ಆಗಲೇ ಮೇಲಿನ ಸಾಲಿಗೆ ಹೋಗಿತ್ತು. ಹೆಣಿಗೆ ಕಡ್ಡಿಯಿಂದ ಒಂದು ತಂತಿಯನ್ನು ಈಚೆಗೆ ಕರೆದು ಕಾದ. ಹತ್ತು ಎಣಿಸುವಷ್ಟು ಹೊತ್ತು ಏನೂ ಇಲ್ಲ. ಇಪ್ಪತ್ತು. ಮೂವತ್ತು.

ಆಮೇಲೆ ಹಾಡು ಬಂತು, ಮುನ್ನೂರ ಹನ್ನೊಂದರಲ್ಲಿ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವ ಜಾತಿಯವನು ಮೈದುನ. ಇನ್ನೆರಡು ಸಲ ಕೇಳಿದ. ಸಂಶಯವೇ ಇರಲಿಲ್ಲ. ಮೂರನೇ ಯಂತ್ರದ ತಂತಿ ತನ್ನ ಸರಿಯಾದ ಜಾಗಕ್ಕೆ ವಾಪಸು ಬಂದಿತ್ತು.

“ಯಾರೋ ಈಗ, ಈ ಕ್ಷಣದಲ್ಲಿ, ನಡುದಾರಿಯಲ್ಲಿ ಕೂತು ಅದನ್ನ ಸರಿಮಾಡ್ತಿದ್ದಾರೆ,” ಅಂದಳು ಯಾಕಮ್ಮ. “ಸಾರ್, ನೀವು ಇಲ್ಲೇ ಇದ್ದೀರಿ, ಬೀಗದ ಕೈಯೂ ಇಲ್ಲೇ ಇದೆ. ನೀವಂತೂ ಅಲ್ಲ. ಈ ಕೇಬಲ್ ನಡುವೆ ಎಲ್ಲಾದ್ರೂ ತುಂಡಾಗಿದೆಯಾ?”

“ನಕ್ಷೆಯಲ್ಲಿ ಇಲ್ಲ. ಅಲ್ಲಿಂದ ಇಲ್ಲಿಗೆ ಒಂದೇ ಎಳೆ.” ಸಾಹೇಬರು ತಡೆದರು. “ಅಯ್ಯೋ... ತುಂಬಾ ಹಿಂದೆ ಒಮ್ಮೆ ಇಲಿ ಕಡಿದು ಕೇಬಲ್ ಸುಟ್ಟಿತ್ತು. ಮೇಲೆ ಅಟ್ಟದಲ್ಲಿ ಒಂದು ಪೆಟ್ಟಿಗೆ ಇಟ್ಟು ಸೇರಿಸಿದ್ವಿ. ನಕ್ಷೆಗೆ ಹಾಕೋದು ಮರೆತೇಹೋಯ್ತು. ಹಳಬರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ.”

ಮೈದುನ ವಾಕಿಟಾಕಿಯಲ್ಲಿ ವೈರ್‌ಮನ್ನನನ್ನು ಕರೆದ. ಉತ್ತರವಿಲ್ಲ. ಮತ್ತೆ ಕರೆದ. ರಾಗ ಕೇಳುತ್ತಲೇ ಇತ್ತು, ಅಂದರೆ ಡಬ್ಬಿ ತಂತಿಯನ್ನು ತಬ್ಬಿಕೊಂಡೇ ಇದೆ. ಅದರ ಪಕ್ಕದಲ್ಲಿ ಇರಬೇಕಾದ ಮನುಷ್ಯ ಇರಲಿಲ್ಲ.

ಯಾಕಮ್ಮ ಓಡಿದಳು. ಮಂಡಿನೋವಿನ ಐವತ್ತಮೂರರ ಹೆಂಗಸು ಎಷ್ಟು ಓಡಬಹುದೋ ಅದಕ್ಕಿಂತ ಜಾಸ್ತಿಯೇ ಓಡಿದಳು. ಯಂತ್ರಗಳ ಹಿಂದಿನ ಕಬ್ಬಿಣದ ಏಣಿ ನೋಡಿ “ಹಾಳಾದ್ದು” ಅಂತ ಗೊಣಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದಳು.

ಅಟ್ಟವೆಂದರೆ ಚಾವಣಿಯ ಕೆಳಗಿನ ಕಿರಿದಾದ ಜಾಲರಿ ನೆಲ, ಎರಡೂ ಬದಿಗೆ ಕೇಬಲ್ಲುಗಳ ಸಾಲು. ಕುಲುಮೆಯ ಬಿಸಿಯೆಲ್ಲ ಮೇಲೇರಿ ಅಲ್ಲಿ ಉಸಿರು ಕಟ್ಟುತ್ತಿತ್ತು. ಇಪ್ಪತ್ತು ಹೆಜ್ಜೆ ದೂರದಲ್ಲಿ ಗೋಡೆಗೆ ಒಂದು ತಗಡಿನ ಪೆಟ್ಟಿಗೆ, ಅದರ ಮುಂದೆ ಕುಕ್ಕರಗಾಲಲ್ಲಿ ಕೂತವನು ವೈರ್‌ಮನ್.

ಅವನು ಓಡಲಿಲ್ಲ. ಸ್ಕ್ರೂಡ್ರೈವರ್ ಕೆಳಗಿಟ್ಟು ಎಡಗೈ ಮುಷ್ಟಿ ಬಿಗಿಮಾಡಿಕೊಂಡ.

“ಯಾಕಪ್ಪಾ?” ಏದುಸಿರಿನಲ್ಲಿ ಅಷ್ಟೇ ಬಂತು ಅವಳಿಗೆ.

“ಗುಂಡಿಪೆಟ್ಟಿಗೆಯಲ್ಲಿ ನಾನು ಹಾಕಿದ್ದು ಸರಿ ಇತ್ತು, ಪ್ಯಾನೆಲ್ ಬೀಗ ಹಾಗೇ ಇತ್ತು. ಉಳಿದಿದ್ದು ಈ ಅಟ್ಟ. ಅದು ಈಗ ಕೆಳಗೆ ನಿಂತಿದ್ದಾಗ ನೆನಪಾಯ್ತು ಮೇಡಂ. ನಿಮ್ಮನ್ನ ಕರೆದು ತೋರಿಸೋಣ ಅಂತಾನೇ ಹತ್ತಿದೆ. ತೆಗೆದು ನೋಡಿದೆ.”

“ಮತ್ತೆ ಕರೀಲಿಲ್ಲ ಯಾಕೆ? ಇದು ನಿನ್ನನ್ನ ಉಳಿಸೋ ಸಾಕ್ಷಿ ಕಣಪ್ಪಾ! ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೊಂಡ ಹಾಗಾಯ್ತಲ್ಲ!”

ಯಾಕಮ್ಮ ಕಷ್ಟಪಟ್ಟು ಅವನ ಪಕ್ಕ ಕೂತು ಪೆಟ್ಟಿಗೆಯೊಳಗೆ ಇಣುಕಿದಳು. ಎರಡು ಸಾಲು ತಂತಿಗಳು, ಪ್ರತಿಯೊಂದರ ತುದಿಗೂ ಹಳೆಯ ಮಾಸಿದ ತವರದ ಟೋಪಿ. ಎರಡಕ್ಕೆ ಮಾತ್ರ ಹೊಸ ಟೋಪಿ ಹೊಳೆಯುತ್ತಿತ್ತು, ಈಗ ತಾನೇ ಇಕ್ಕಳದಲ್ಲಿ ಅದುಮಿದ್ದು.

“ಮುಷ್ಟಿ ಬಿಚ್ಚು,” ಅಂದಳು ಮೆಲ್ಲಗೆ.

ಅವನು ಬಿಚ್ಚಿದ. ಅಂಗೈಯಲ್ಲಿ ಕತ್ತರಿಸಿದ ಎರಡು ತಾಮ್ರದ ತುದಿಗಳಿದ್ದವು. ಟೋಪಿ ಇರಲಿಲ್ಲ. ಎಳೆಗಳನ್ನು ಹೊಸೆದು, ಹಿಂದಕ್ಕೆ ಮಡಿಸಿ, ಇಮ್ಮಡಿ ದಪ್ಪ ಮಾಡಿದ್ದರು.

“ಇದು ಕಾರ್ಖಾನೆ ಕೆಲಸದವರು ಮಾಡೋದಲ್ಲ,” ಅಂತ ಏಣಿಯ ತುದಿಯಿಂದ ಮೈದುನ ಇಣುಕಿ ಹೇಳಿದ. “ಮನೆಗಳಲ್ಲಿ ಸ್ವಿಚ್ಚು ಹಾಕೋರು ಹೀಗೆ ಮಡಿಸಿ ಸಿಕ್ಕಿಸ್ತಾರೆ.”

“ಯಾರದಪ್ಪಾ ಈ ಕೈ?” ಯಾಕಮ್ಮ ಕೇಳಿದಳು.

ವೈರ್‌ಮನ್ನನ ಕಣ್ಣು ತುಂಬಿತು. “ನಮ್ಮ ಮನೆಗೆ ವೈರಿಂಗ್ ಮಾಡುವಾಗ ಒಬ್ಬರಿಗೆ ನಾನೇ ಕಲಿಸಿದ್ದು. ಹೊಸೆದು ಮಡಿಸು, ಗಟ್ಟಿ ಕೂರುತ್ತೆ ಅಂತ. ಈ ಅಟ್ಟದ ಪೆಟ್ಟಿಗೆ ತೋರಿಸಿದ್ದೂ ನಾನೇ. ಅದಕ್ಕಿಂತ ಜಾಸ್ತಿ ಕೇಳ್ಬೇಡಿ. ಈ ತುದಿ ಯಾರೂ ನೋಡ್ಬಾರ್ದು ಅಂತ ಕತ್ತರಿಸಿದೆ. ಕತ್ತರಿಸಿದ ಮೇಲೆ ತಪ್ಪು ಜಾಗಕ್ಕೆ ವಾಪಸ್ ಹಾಕೋಕೆ ಕೈ ಬರ್ಲಿಲ್ಲ, ಸರಿಯಾದ ಜಾಗಕ್ಕೆ ಹಾಕಿಬಿಟ್ಟೆ. ತಪ್ಪು ನಂದೇ ಅಂತ ಬರ್ಕೊಳ್ಳಿ ಮೇಡಂ. ನಾನು ಸಹಿ ಹಾಕ್ತೀನಿ.”

ಕಲಿಸಿದ್ದು ಯಾರಿಗೆ ಅಂತ ಅವನು ಬಾಯಿ ಬಿಡಬೇಕಾಗಿರಲಿಲ್ಲ. ಮಧ್ಯಾಹ್ನದ ಪಾಳಿಗೆ ಎರಡು ಗಂಟೆಗೆ ಒಳಗೆ ಬಂದವನು, ಅವನ ಮನೆಯಲ್ಲಿ ಓಡಾಡುವವನು, ಯಾರ ಮೇಲಿನ ಮಾತನ್ನು ಅವನ ಹೆಂಡತಿ ಸಹಿಸಲಾರಳೋ ಅವನು, ಒಬ್ಬನೇ: ಆಸ್ಪತ್ರೆಯಲ್ಲಿ ಮಲಗಿರುವ ಆಪರೇಟರ್. ತನ್ನ ಗುಂಡಿಯ ತಂತಿಯನ್ನು ತಾನೇ ಬದಲಾಯಿಸಿ, ಒಂದು ಗಂಟೆಯೊಳಗೆ ಅದೇ ಯಂತ್ರಕ್ಕೆ ಕೈ ಕೊಟ್ಟನೇ? ಯಾಕೆ? ಯಾಕಮ್ಮನ ಇಪ್ಪತ್ತೆರಡು ವರ್ಷದಲ್ಲಿ ಇಂಥದ್ದು ಬಂದಿರಲಿಲ್ಲ.

ವೈರ್‌ಮನ್ನನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ತೆಗೆದು ನೋಡಿದವನು ಹಾಗೇ ಕೂತ.

“ನನ್ನ ಹೆಂಡ್ತಿ,” ಅಂದ. “ನಾಲ್ಕು ದಿನ ಆದ್ಮೇಲೆ.”

“ಎತ್ತು ಮತ್ತೆ! ನೋಡ್ತಾ ಕೂತ್ರೆ?”

ಕೆಳಗಿನ ಗದ್ದಲಕ್ಕೆ ಕೇಳಿಸದು ಅಂತ ಅವನು ಸ್ಪೀಕರ್ ಹಾಕಿದ. ಆ ಕಡೆ ಅಳುವೂ ನಗುವೂ ಒಟ್ಟಿಗೆ ಇತ್ತು.

“ರೀ, ತಮ್ಮ ಕಣ್ಣು ಬಿಟ್ಟ ರೀ! ಮಾತಾಡ್ದ!”

“ದೇವ್ರೇ...” ಅವನು ಮುಖ ಮುಚ್ಚಿಕೊಂಡ. “ಏನಂದ? ನೋವು ಅಂದ್ನಾ?”

“ಇಲ್ಲ ರೀ. ಕಣ್ಣು ಬಿಟ್ಟ ತಕ್ಷಣ ಕೇಳಿದ್ದು ಒಂದೇ ಮಾತು. ನಾಲ್ಕನೇ ಮಿಷಿನ್ ನಿಂತಿತಾ ಅಕ್ಕಾ ಅಂತ. ನಿಂತಿತಂತೆ ಕಣೋ ಅಂದೆ, ಸಮಾಧಾನ ಆಯ್ತು ಅವನಿಗೆ. ನಗ್ತಿದ್ದಾನೆ.”

ಯಾಕಮ್ಮ ಫೋನಿನ ಹತ್ತಿರಕ್ಕೆ ಬಗ್ಗಿದಳು. “ಅಮ್ಮಾ, ನಾನು ವಿಚಾರಣೆಯವಳು. ಗುಂಡಿ ಒತ್ತುವಾಗ ನಾಲ್ಕನೇ ಮಿಷಿನ್ ಮುಂದೆ ಯಾರಿದ್ರು ಅಂತ ಒಂದು ಮಾತು ಕೇಳಿ.”

ಆ ಕಡೆ ಪಿಸುಮಾತು. ಒಂದು ದುರ್ಬಲ ಗಂಡುದನಿ, ಮತ್ತೆ ಅಕ್ಕನ ದನಿ, ಮತ್ತೆ ಗಂಡುದನಿ.

“ರೀ,” ಅಂದಳು ಅವಳು. ದನಿ ಈಗ ಬೇರೆಯಾಗಿತ್ತು. “ನೀವೇ ಇದ್ರಂತೆ. ಭಾವ ನಾಲ್ಕರೊಳಗೆ ಎರಡೂ ಕೈ ಹಾಕಿದ್ರು, ನನ್ನ ಗುಂಡಿ ಒತ್ತಿದ್ರೆ ನಾಲ್ಕೇ ನಿಲ್ಲುತ್ತೆ ಅಂತ ಗೊತ್ತಿತ್ತು, ಅದಕ್ಕೇ ಒತ್ತಿದೆ ಅಂತಿದ್ದಾನೆ. ನೀವು ಎರಡು ಗಂಟೆಗೇ ಹೊರಟೆ ಅಂದಿದ್ರಲ್ಲ ರೀ?”

ಯಾಕಮ್ಮ ತಿರುಗಿ ವೈರ್‌ಮನ್ನನ ಮುಖ ನೋಡಿದಳು. ಅವನು ಇಲ್ಲ ಅನ್ನುತ್ತಾನೆ ಅಂತ ಕಾದಳು. ಅವನು ಅಂಗೈಯಲ್ಲಿದ್ದ ಮಡಿಸಿದ ತಾಮ್ರವನ್ನು ನೋಡುತ್ತ, ತನಗೆ ತಾನೇ ಹೇಳಿಕೊಳ್ಳುವವನ ಹಾಗೆ ಅಂದ:

“ಕಾರ್ಡ್ ಒತ್ತಿ ನಾನು ವಾಪಸ್ ಬಂದಿದ್ದು ಯಾರಿಗೂ ಗೊತ್ತಿಲ್ಲ ಅಂದ್ಕೊಂಡಿದ್ದೆ. ಹಾಗಾದ್ರೆ ಅವನು ನನ್ನನ್ನ ನೋಡಿದ್ದ.”